ಸಿ ಡ್ರೈವ್ ಕೆಂಪಾದಾಗ: ಅಂಗಡಿ ಸಿಸ್ಟಮ್‌ಗೆ ದೊಡ್ಡ ಎಸ್‌ಎಸ್‌ಡಿ ಹಾಕುವ ಮುನ್ನ

ಬಾಗಲಕೋಟೆ ನವನಗರದ ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ಮದುವೆ ಸೀಸನ್ ಹೊತ್ತಿಗೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ: “ಸಿ ಡ್ರೈವ್ ಕೆಂಪ್ ಆಗೇತ್ರಿ, ಕಾರ್ಡ್ ಸೇವ್ ಆಗವಲ್ದು.” ಡ್ರೈವ್‌ನಲ್ಲಿ ಶೇ. 10ಕ್ಕಿಂತ ಕಡಿಮೆ ಜಾಗ ಉಳಿದಾಗ ವಿಂಡೋಸ್ ಆ ನೀಲಿ ಪಟ್ಟಿಯನ್ನು ಕೆಂಪು ಮಾಡಿ ತೋರಿಸುತ್ತದೆ. ಕೆಲವು ವರ್ಷಗಳ ಹಿಂದೆ ಬಹಳ ಜನ ಹಳೆ ಸಿಸ್ಟಮ್‌ಗೆ 120 ಅಥವಾ 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್) ಹಾಕಿಸಿಕೊಂಡರು. ಆಗ ಅಷ್ಟು ಸಾಕಿತ್ತು. ಈಗ ವಿಂಡೋಸ್, ಫೋಟೋಶಾಪ್, ಕೋರೆಲ್‌ಡ್ರಾ, ಟ್ಯಾಲಿ, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಕೂತಿರುವ ಗಿರಾಕಿಗಳ ಆಧಾರ್ ಪಿಡಿಎಫ್‌ಗಳು ಎಲ್ಲ ಸೇರಿ ಡ್ರೈವ್ ತುಂಬಿದೆ.

ದೊಡ್ಡದು ತಂದು ಹಾಕಿದರಾಯಿತು ಅನ್ನುತ್ತಾರೆ. ನಿಜ, ಹಾಕುವುದು ಕಷ್ಟವಲ್ಲ. ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಕಾಲು ಗಂಟೆಯದು. ಕೆಡುವುದೆಲ್ಲ ಅದಕ್ಕೆ ಮೊದಲು ಮತ್ತು ಅದರ ನಂತರ. ಬೋರ್ಡಿಗೆ ಹೊಂದದ ಡ್ರೈವ್ ತಂದಿರುತ್ತಾರೆ. ಬ್ಯಾಕಪ್ ಇಲ್ಲದೆ ಕ್ಲೋನ್, ಅಂದರೆ ಹಳೆ ಡ್ರೈವ್‌ನ ತದ್ರೂಪಿ ಪ್ರತಿ ತೆಗೆಯುವ ಕೆಲಸ, ಶುರು ಮಾಡಿರುತ್ತಾರೆ. ಎಲ್ಲ ಸರಿಯಾಯಿತು ಅಂದುಕೊಂಡರೆ ಸಿ ಡ್ರೈವ್ ಇನ್ನೂ ಹಳೆಯ 223 ಜಿಬಿಯೇ ತೋರಿಸುತ್ತಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಸ್ಕ್ರೂಗಿಂತ ಉಳಿದ ವಿಷಯವೇ ಜಾಸ್ತಿ.

ಮೊದಲು ಬೋರ್ಡ್ ನೋಡಿ

ಅಂಗಡಿಯಲ್ಲಿ ಸಿಗುವ ಎಸ್‌ಎಸ್‌ಡಿಗಳಲ್ಲಿ ಮುಖ್ಯವಾಗಿ ಎರಡು ಆಕಾರ. ಒಂದು 2.5 ಇಂಚಿನ ಚಪ್ಪಟೆ ಡಬ್ಬಿ. ಅದಕ್ಕೆ ಎರಡು ಕೇಬಲ್ ಬೇಕು, ಡೇಟಾಕ್ಕೊಂದು, ಕರೆಂಟಿಗೊಂದು. ಡೇಟಾ ಸಾಗಿಸುವ ಈ ವಿಧಾನದ ಹೆಸರು ಸಾಟಾ. ಇನ್ನೊಂದು ಎಂ.2. ಇದು ಬರೀ ಒಂದು ತೆಳು ಪಟ್ಟಿ, ಕೇಬಲ್ಲೇ ಇಲ್ಲ, ನೇರವಾಗಿ ಮದರ್‌ಬೋರ್ಡಿನ ಸ್ಲಾಟ್‌ನಲ್ಲಿ ಕೂರುತ್ತದೆ. ಅದರ ಮೇಲೆ 2280 ಅಂತ ಇದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಇದೇ ಅಳತೆ.

ಗೊಂದಲ ಹುಟ್ಟುವುದು ಎಂ.2 ಹತ್ತಿರ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಇವೆ, ಅದಕ್ಕಿಂತ ವೇಗದ ಹೊಸ ವಿಧಾನವಾದ ಎನ್‌ವಿಎಂಇ ಡ್ರೈವ್‌ಗಳೂ ಇವೆ. ಕೆಲವು ಬೋರ್ಡಿನ ಸ್ಲಾಟ್ ಎರಡನ್ನೂ ಒಪ್ಪುತ್ತದೆ, ಕೆಲವು ಒಂದನ್ನೇ. ಪಟ್ಟಿಯ ತುದಿಯಲ್ಲಿ ಒಂದು ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಆದರೆ ಸ್ಲಾಟ್‌ನಲ್ಲಿ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತ ನಂಬಬೇಡಿ. ಬೋರ್ಡಿನ ಮ್ಯಾನ್ಯುಯಲ್ ನೋಡುವುದೇ ಸರಿ. ಬೋರ್ಡ್ ಯಾವುದು ಗೊತ್ತಿಲ್ಲವೇ? ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್ಫೋ32 ಎಂದು ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲಿನಲ್ಲಿ ಮಾಡೆಲ್ ಹೆಸರು ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಮ್ಯಾನ್ಯುಯಲ್ ಸುಮ್ನೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಮ್ಯಾನ್ಯುಯಲ್‌ನಲ್ಲಿ ಇನ್ನೊಂದು ಸಾಲನ್ನೂ ಹುಡುಕಿ. ಬಹಳ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹೊಸ ಡ್ರೈವ್ ಹಾಕಿದ ಮೇಲೆ ಫೋಟೋಗಳಿದ್ದ ಹಳೆ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ, ಸುಟ್ಟೇ ಹೋಯಿತು ಅಂತ ಗಾಬರಿಯಾಗುವವರಿದ್ದಾರೆ. ಕೇಬಲ್ ಪಕ್ಕದ ಪೋರ್ಟಿಗೆ ಬದಲಿಸಿದರೆ ಅದು ವಾಪಸ್ ಬರುತ್ತದೆ.

ವೇಗದ ಲೆಕ್ಕ ಹೀಗಿದೆ. ಸೆಕೆಂಡಿಗೆ 6 ಗಿಗಾಬಿಟ್‌ನ ಸಾಟಾದಲ್ಲಿ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ. ಪಿಸಿಐಇ (ಬೋರ್ಡಿನಲ್ಲಿ ಎನ್‌ವಿಎಂಇ ಡೇಟಾ ಸಾಗುವ ದಾರಿ) 3.0ರ ನಾಲ್ಕು ಲೇನ್‌ನಲ್ಲಿ ಒಳ್ಳೆ ಎನ್‌ವಿಎಂಇ ಸುಮಾರು 3,500 ಎಂಬಿ, 4.0ರಲ್ಲಿ 7,000 ಎಂಬಿ ಹತ್ತಿರ. ನಮ್ಮ ಕಡೆ ಈಗಲೂ ಓಡುತ್ತಿರುವ, ಇಂಟೆಲ್‌ನ ಹಳೆ ಎಚ್61 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಇರುವ ಬೋರ್ಡುಗಳ ಕಥೆ ಬೇರೆ. ಆ ಚಿಪ್‌ಸೆಟ್ ಕೊಡುವುದೇ 3 ಗಿಗಾಬಿಟ್‌ನ ಸಾಟಾ. ಎಷ್ಟೇ ದುಬಾರಿ ಡ್ರೈವ್ ಹಾಕಿದರೂ ಅಲ್ಲಿ 270–280 ಎಂಬಿಗೆ ನಿಲ್ಲುತ್ತದೆ. ಎಚ್81ರಲ್ಲಿ ನಾಲ್ಕು ಪೋರ್ಟ್ ಇದ್ದರೆ ಎರಡು ಮಾತ್ರ 6 ಗಿಗಾಬಿಟ್‌ನವು. ಎಸ್‌ಎಸ್‌ಡಿ ಆ ಎರಡರಲ್ಲಿ ಒಂದಕ್ಕೆ ಹೋಗಬೇಕು. ಬೋರ್ಡಿನ ಮೇಲೆ ಪೋರ್ಟಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಎಷ್ಟೋ ಸಲ ಬಣ್ಣವೂ ಬೇರೆ ಇರುತ್ತದೆ.

ಹಾಗಂತ ಎಚ್61 ಇರುವವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ಹಾಕುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ಡು ಸರಿಯಾದ ಪಟ್ಟಿಗೆ ಸರಿಯಬೇಕು. ಒಂದೊಂದು ಸಣ್ಣ ಫೈಲಿಗೂ ಈ ಕಾಯುವಿಕೆ ಇದೆ. ವಿಂಡೋಸ್ ಏಳುವಾಗ ಇಂಥ ಸಾವಿರಾರು ಸಣ್ಣ ಫೈಲ್ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ಸರಿಯುವುದೂ ಇಲ್ಲ, ತಿರುಗುವುದೂ ಇಲ್ಲ, ಸಾಮಾನ್ಯವಾಗಿ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬರುತ್ತದೆ. ನಿಮಗೆ ಸಿಸ್ಟಮ್ ಚುರುಕಾಯಿತು ಅನ್ನಿಸುವುದು ಇದರಿಂದ. ಬಾಕ್ಸ್ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿಗೂ ಅದಕ್ಕೂ ಸಂಬಂಧ ಕಡಿಮೆ.

ಆದ್ದರಿಂದ ನನ್ನ ಅಭಿಪ್ರಾಯ: ಕಾರ್ಡ್ ಡಿಸೈನ್, ಟ್ಯಾಲಿ, ಆನ್‌ಲೈನ್ ಅರ್ಜಿ ತುಂಬುವ ಕೆಲಸಕ್ಕೆ ಸಾಟಾ ಎಸ್‌ಎಸ್‌ಡಿ ಧಾರಾಳವಾಯಿತು. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರು, ದಿನಾ ಹತ್ತಾರು ಜಿಬಿ ಆ ಕಡೆ ಈ ಕಡೆ ಸಾಗಿಸುವವರು ಎನ್‌ವಿಎಂಇ ತಗೊಳ್ಳಲಿ, ಅವರಿಗೆ ವ್ಯತ್ಯಾಸ ಕಾಣುತ್ತದೆ. ಎಂ.2 ಇಲ್ಲದ ಹಳೆ ಬೋರ್ಡಿಗೆ ಪಿಸಿಐಇ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಬಹುದು ಅಂತ ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಡೇಟಾ ಇಡಲು ಆಗುತ್ತದೆ. ಆದರೆ ಬಯೋಸ್‌ಗೆ (ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಎನ್‌ವಿಎಂಇ ಗೊತ್ತಿಲ್ಲದಿದ್ದರೆ ಅದರಿಂದ ವಿಂಡೋಸ್ ಬೂಟ್ ಆಗುವುದಿಲ್ಲ.

ಇನ್ನೊಂದು ವಿಷಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಎಚ್61, ಎಚ್81 ಎರಡೂ ಈ ಗೆರೆಯ ಆಚೆ ಉಳಿಯುತ್ತವೆ. ಅಂಥ ಸಿಸ್ಟಮ್‌ಗೆ ದೊಡ್ಡ ದುಡ್ಡು ಸುರಿಯುವ ಮೊದಲು ಯೋಚಿಸಿ. ಸಾಟಾ ಎಸ್‌ಎಸ್‌ಡಿ ತಗೊಂಡರೆ ನಾಳೆ ಹೊಸ ಸಿಸ್ಟಮ್‌ಗೂ ಅದನ್ನು ಎತ್ತಿ ಹಾಕಿಕೊಳ್ಳಬಹುದು ಅನ್ನುವುದು ಒಂದು ಸಮಾಧಾನ.

ಎಷ್ಟು ದೊಡ್ಡದು?

1 ಟಿಬಿ ತಂದು ಹಾಕಿದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. 500 ಜಿಬಿ ತಂದರೆ 465. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ.

ಈಗ ಬಳಸುತ್ತಿರುವ ಜಾಗದ ಎರಡರಷ್ಟು ಇದ್ದರೆ ಕೆಲವು ವರ್ಷ ನಿಶ್ಚಿಂತೆ. ಎಸ್‌ಎಸ್‌ಡಿಯನ್ನು ಅಂಚಿನ ತನಕ ತುಂಬಬಾರದು, ಶೇ. 10ರಿಂದ 20ರಷ್ಟು ಜಾಗ ಖಾಲಿ ಬಿಟ್ಟರೆ ಅದಕ್ಕೆ ಉಸಿರಾಡಲು ಆಗುತ್ತದೆ. ಕಾರಣ, ಅದರ ಚಿಪ್‌ನಲ್ಲಿ ಹಳೆ ಬರಹದ ಮೇಲೆ ನೇರ ಬರೆಯಲು ಬರುವುದಿಲ್ಲ. ಮೊದಲು ಒಂದು ಇಡೀ ಬ್ಲಾಕ್ ಅಳಿಸಬೇಕು, ಆಮೇಲೆ ಬರೆಯಬೇಕು. ಖಾಲಿ ಬ್ಲಾಕ್ ಇಲ್ಲದಿದ್ದರೆ ಪ್ರತಿ ಸಲ ಈ ಅಳಿಸುವ ಕೆಲಸಕ್ಕೆ ನೀವು ಕಾಯುತ್ತೀರಿ. ತುಂಬಿದ ಡ್ರೈವ್ ಎಳೆದಾಡುವುದು ಇದಕ್ಕೇ.

ಬಾಕ್ಸ್ ಮೇಲೆ ಟಿಎಲ್‌ಸಿ, ಕ್ಯೂಎಲ್‌ಸಿ ಅಂತ ಬರೆದಿದ್ದರೆ ಗಮನಿಸಿ. ಟಿಎಲ್‌ಸಿ ಒಂದು ಕೋಶದಲ್ಲಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4. ಕ್ಯೂಎಲ್‌ಸಿ ಸಾಮಾನ್ಯವಾಗಿ ಅಗ್ಗ. ಆದರೆ ದೊಡ್ಡ ಫೈಲ್ ಒಂದೇ ಸಮ ಬರೆಯುವಾಗ ಶುರುವಿನ ವೇಗ ಸ್ವಲ್ಪ ಹೊತ್ತಿಗೆ ಕುಸಿಯುತ್ತದೆ, ಕೆಲವೊಮ್ಮೆ ಹಾರ್ಡ್ ಡಿಸ್ಕಿನ ಮಟ್ಟಕ್ಕೂ. ಅಂಗಡಿಯ ಮುಖ್ಯ ಡ್ರೈವ್‌ಗೆ ನಾನು ಟಿಎಲ್‌ಸಿಯನ್ನೇ ಹೇಳುತ್ತೇನೆ. ಆಯುಷ್ಯದ ಚಿಂತೆ ಮಾತ್ರ ಬೇಡ. 1 ಟಿಬಿಯ ಸಾಮಾನ್ಯ ಟಿಎಲ್‌ಸಿ ಡ್ರೈವ್‌ಗೆ 600 ಟಿಬಿ ಬರೆಯುವ ತನಕ ಅಂತ ವಾರಂಟಿ ಕೊಡುವ ಕಂಪನಿಗಳಿವೆ. ದಿನಕ್ಕೆ 50 ಜಿಬಿ ಬರೆದರೂ ಅದು ಮೂವತ್ತು ವರ್ಷ ದಾಟುತ್ತದೆ. ಅಷ್ಟರೊಳಗೆ ಬೋರ್ಡು ಇರುವುದಿಲ್ಲ. ಹೆಸರೇ ಕೇಳದ ಕಂಪನಿಯ ಅಗ್ಗದ ದೊಡ್ಡ ಡ್ರೈವ್ ಮಾತ್ರ ಬೇಡವೇ ಬೇಡ. ಬಿಲ್ ಇಲ್ಲದ್ದೂ ಬೇಡ.

ಡಿ ಡ್ರೈವ್‌ನಲ್ಲಿ ಇರುವುದು ಬ್ಯಾಕಪ್ ಅಲ್ಲ

ಈ ಮಾತಿಗೆ ಜನ ಬೇಗ ಒಪ್ಪುವುದಿಲ್ಲ. “ಎಲ್ಲಾ ಡಿ ಡ್ರೈವ್‌ನ್ಯಾಗ ಬ್ಯಾಕಪ್ ಐತ್ರಿ” ಅನ್ನುತ್ತಾರೆ. ತೆಗೆದು ನೋಡಿದರೆ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಕ್ಲೋನ್ ಮಾಡುವಾಗ ಯಾವುದರಿಂದ ಯಾವುದಕ್ಕೆ ಅನ್ನುವುದು ಉಲ್ಟಾ ಆದರೂ ಎರಡೂ ಹೋಗುತ್ತವೆ, ಖಾಲಿ ಡ್ರೈವ್ ತುಂಬಿದ ಡ್ರೈವ್ ಮೇಲೆ ಅಚ್ಚಾಗುತ್ತದೆ. ಆದ್ದರಿಂದ ಸಿಪಿಯು ಡಬ್ಬಿಯ ಹೊರಗೆ, ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇರಲೇಬೇಕು. ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರುವ ಫೋಲ್ಡರ್‌ಗಳೂ ಇರುವುದು ಸಿ ಡ್ರೈವ್‌ನಲ್ಲೇ, ಅವನ್ನು ಮರೆಯಬೇಡಿ.

ಡ್ರೈವ್ ಎನ್‌ಕ್ರಿಪ್ಟ್ ಆಗಿದೆಯಾ ಅಂತಲೂ ನೋಡಿ. ಹೊಸ ಸಿಸ್ಟಮ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದರೆ ಬಿಟ್‌ಲಾಕರ್ ತರಹದ ಬೀಗ ತಾನಾಗಿಯೇ ಬಿದ್ದಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬೀಗ ತೆಗೆದು, ಆಮೇಲೆ ಮುಂದಿನ ಕೆಲಸ.

ಕ್ಲೋನ್ ಮಾಡುವುದಾ, ಹೊಸದಾಗಿ ಹಾಕುವುದಾ?

ಕಂಪ್ಯೂಟರ್ ಬಲ್ಲವರು ಹೊಸದಾಗಿ ವಿಂಡೋಸ್ ಹಾಕಿ ಅನ್ನುತ್ತಾರೆ. ಮನೆ ಸಿಸ್ಟಮ್‌ಗೆ ಅದು ಒಳ್ಳೆ ಸಲಹೆ. ವರ್ಷಗಟ್ಟಲೆ ಕೂಡಿದ ಕಸ ಹೋಗುತ್ತದೆ. ವಿಂಡೋಸ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಕಟ್ಟಿಕೊಂಡಿರುವುದರಿಂದ, ಡಿಜಿಟಲ್ ಲೈಸೆನ್ಸ್ ಇದ್ದವರು ಡ್ರೈವ್ ಬದಲಿಸಿ ಅದೇ ಎಡಿಷನ್ ಹಾಕಿದರೆ ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ.

ಡಿಟಿಪಿ ಅಂಗಡಿಯ ಲೆಕ್ಕ ಬೇರೆ. ಅಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದಿನ ಪೇಜ್‌ಮೇಕರ್ ಇರುತ್ತದೆ, ಅದರ ಸಿಡಿ ಎಲ್ಲಿದೆಯೋ ದೇವರಿಗೇ ಗೊತ್ತು. ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಾವಿರಾರು ಫೈಲ್ ಇರುತ್ತವೆ. ಅವು ಯೂನಿಕೋಡ್ ಅಲ್ಲ. ಅದೇ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ತೆರೆದರೆ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಫೋಲ್ಡರ್ ಕಾಪಿ ಮಾಡಿಕೊಂಡರೆ ಸಾಕಲ್ವಾ ಅಂದರೆ, ಪೂರ್ತಿ ಸಾಕಾಗುವುದಿಲ್ಲ. ಈಚಿನ ವಿಂಡೋಸ್‌ನಲ್ಲಿ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಅದು ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ಗೆ ಹೋಗದೆ, ಬಳಕೆದಾರರ ಹೆಸರಿನ ಫೋಲ್ಡರ್‌ನಲ್ಲಿ, ಮರೆಯಾಗಿರುವ ಆ್ಯಪ್‌ಡೇಟಾದ ಒಳಗೆ ಕೂರುತ್ತದೆ. ಎರಡೂ ಕಡೆ ಕಾಪಿ ಮಾಡಬೇಕು.

ಹೀಗಾಗಿ ಅಂಗಡಿ ಸಿಸ್ಟಮ್ ಸರಿಯಾಗಿ ನಡೆಯುತ್ತಿದ್ದರೆ ಕ್ಲೋನ್ ಮಾಡಿ. ವೈರಸ್, ಪದೇ ಪದೇ ನೀಲಿ ಪರದೆ, ಅರ್ಧಂಬರ್ಧ ಅಪ್‌ಡೇಟ್ ಇದ್ದರೆ ಆ ಕಾಯಿಲೆಯೂ ಕ್ಲೋನ್ ಆಗುತ್ತದೆ, ಆಗ ಹೊಸದಾಗಿ ಹಾಕುವುದೇ ದಾರಿ. ಯಾವುದೇ ದಾರಿ ಹಿಡಿದರೂ ಟ್ಯಾಲಿ ಲೈಸೆನ್ಸನ್ನು ಹಳೆ ಡ್ರೈವ್‌ನಲ್ಲಿ ಇರುವಾಗಲೇ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಿಕೊಂಡರೆ ತಲೆನೋವಿಲ್ಲ. ಮಾರ್ಚ್ ಕೊನೆಯ ವಾರದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಹೊಸದಾಗಿ ಹಾಕುವವರಿಗೆ ಒಂದೇ ಎಚ್ಚರಿಕೆ. ವಿಂಡೋಸ್ ಹಾಕುವಾಗ ಹೊಸ ಡ್ರೈವ್ ಒಂದನ್ನೇ ಬಿಟ್ಟು ಉಳಿದ ಎಲ್ಲ ಡ್ರೈವ್‌ಗಳ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ವಿಂಡೋಸ್ ಹೊಸದರಲ್ಲಿ ಕೂತು, ಬೂಟ್ ಮಾಡುವ ಸಣ್ಣ ಭಾಗ ಮಾತ್ರ ಹಳೆಯದರಲ್ಲೇ ಉಳಿಯಬಹುದು. ಆರು ತಿಂಗಳ ನಂತರ ಹಳೆಯದನ್ನು ತೆಗೆದ ದಿನ ಸಿಸ್ಟಮ್ ಏಳುವುದೇ ಇಲ್ಲ. ಇನ್ನು 11ನೇ ತಲೆಮಾರು ಅಥವಾ ಈಚಿನ ಇಂಟೆಲ್ ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಎನ್‌ವಿಎಂಇ ಕಾಣದಿದ್ದರೆ ಡ್ರೈವ್ ಹಾಳು ಅಂದುಕೊಳ್ಳಬೇಡಿ. ಬಯೋಸ್‌ನಲ್ಲಿ ವಿಎಂಡಿ ಎಂಬ ಸೆಟ್ಟಿಂಗ್ ಆನ್ ಇರುವ ಸಾಧ್ಯತೆ ಜಾಸ್ತಿ.

ಕ್ಲೋನ್, ಮತ್ತು ಜಾಗ ಹೆಚ್ಚಾಗದ ಒಗಟು

ಕ್ಲೋನ್‌ಗೆ ಸಾಫ್ಟ್‌ವೇರ್ ಬೇಕು. ಹೆಸರಾಂತ ಎಸ್‌ಎಸ್‌ಡಿ ಕಂಪನಿಗಳಲ್ಲಿ ಹಲವು ತಮ್ಮ ಡ್ರೈವ್ ಕೊಂಡವರಿಗೆ ಇದನ್ನು ಉಚಿತವಾಗಿ ಕೊಡುತ್ತವೆ. ಪೆನ್‌ಡ್ರೈವ್‌ನಿಂದ ಓಡುವ ಕ್ಲೋನ್‌ಜಿಲ್ಲಾ ಕೂಡ ಉಚಿತ, ಆದರೆ ಅದರ ಪರದೆ ಹೊಸಬರಿಗೆ ಹೆದರಿಕೆ ಹುಟ್ಟಿಸುತ್ತದೆ. ಬೋರ್ಡಿನಲ್ಲಿ ಎರಡು ಡ್ರೈವ್‌ಗೂ ಜಾಗ ಇದ್ದರೆ ಒಳಗೇ ಕೂರಿಸಿ ಮಾಡಿ. ಒಂದೇ ಎಂ.2 ಸ್ಲಾಟ್ ಇದ್ದು ಅದರಲ್ಲೇ ಹಳೆಯದು ಇದ್ದರೆ, ಹೊಸದನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಮಾಡಬೇಕು. ಆಗ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್ ಹುಡುಕಿ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಹೆಚ್ಚು, 200 ಜಿಬಿಗೆ ಒಂದೂವರೆ ಗಂಟೆ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ನಮ್ಮ ಕರೆಂಟ್ ನಂಬುವ ಹಾಗಿಲ್ಲ, ಸಣ್ಣ ಯುಪಿಎಸ್‌ನ ಬ್ಯಾಟರಿಯನ್ನೂ ನಂಬುವ ಹಾಗಿಲ್ಲ. ನಡುವೆ ಕರೆಂಟ್ ಹೋದರೆ ಹಳೆ ಡ್ರೈವ್ ಸಾಮಾನ್ಯವಾಗಿ ಹಾಗೇ ಇರುತ್ತದೆ, ಹೊಸದಕ್ಕೆ ಮತ್ತೆ ಮೊದಲಿನಿಂದ ಕ್ಲೋನ್ ಮಾಡಬೇಕಾಗುತ್ತದೆ, ಅಷ್ಟೇ.

ಕ್ಲೋನ್ ಮುಗಿದ ಮೇಲೆ ಸಿಸ್ಟಮ್ ಬಂದ್ ಮಾಡಿ, ಹಳೆ ಡ್ರೈವ್ ಕಿತ್ತು, ಹೊಸದೊಂದರಿಂದಲೇ ಮೊದಲ ಸಲ ಆನ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಬಂದಾಗ ನೀಲಿ ಪರದೆ ಬಂದರೆ, ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿ ರೀಸ್ಟಾರ್ಟ್ ಮಾಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಈಗ ಆ ಒಗಟು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಜಾಗವೆಲ್ಲ ಬಲಗಡೆ ಅನ್‌ಅಲೊಕೇಟೆಡ್ ಎಂದು ಕಪ್ಪು ಪಟ್ಟಿಯಾಗಿ ನಿಂತಿರುತ್ತದೆ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿದೆ, ಒತ್ತಲು ಬರುವುದಿಲ್ಲ. ಯಾಕೆ? ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ ಎಂಬ ಸಣ್ಣ ಭಾಗ ಕೂತಿದೆ. ನಿಮ್ಮ ಹೊಲ ಇದೆ, ಆಚೆ ನೀವೇ ಕೊಂಡ ಹೊಸ ಹೊಲ ಇದೆ, ನಡುವೆ ಇನ್ನೊಬ್ಬರ ಅರ್ಧ ಎಕರೆ ಇದೆ. ಬದು ಒಡೆದು ಎರಡನ್ನೂ ಒಂದು ಮಾಡಲು ಆಗುತ್ತದೆಯೇ? ಅದೇ ಪರಿಸ್ಥಿತಿ. ವಿಂಡೋಸ್‌ನ ಈ ಸಾಧನಕ್ಕೆ ಸಿಯನ್ನು ತನಗೆ ಅಂಟಿಕೊಂಡ ಬಲಗಡೆಯ ಖಾಲಿ ಜಾಗಕ್ಕೆ ಮಾತ್ರ ಹಿಗ್ಗಿಸಲು ಬರುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಕ್ಲೋನ್ ಮಾಡುವಾಗಲೇ ಇದೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಭಾಗಗಳ ಅಳತೆ ಬದಲಿಸುವ ಆಯ್ಕೆ ಇರುತ್ತದೆ. ರಿಕವರಿಯನ್ನು ಡಿಸ್ಕಿನ ತುದಿಗೆ ಸರಿಸಿ, ಸಿಯನ್ನು ಹಿಗ್ಗಿಸಿ, ಆಮೇಲೆ ಶುರು ಒತ್ತಿ. ಈಗಾಗಲೇ ಕ್ಲೋನ್ ಆಗಿಹೋಗಿದ್ದರೆ ಪೆನ್‌ಡ್ರೈವ್‌ನಿಂದ ಜಿಪಾರ್ಟೆಡ್ ಎಂಬ ಸಾಫ್ಟ್‌ವೇರ್ ಎಬ್ಬಿಸಿ ರಿಕವರಿಯನ್ನು ಬಲಕ್ಕೆ ಸರಿಸಬಹುದು. ಇದೂ ಉಚಿತ. ಕೆಲವರು ರಿಕವರಿಯನ್ನು ಅಳಿಸಿಯೇ ಬಿಡುತ್ತಾರೆ. ವಿಂಡೋಸ್ ಪೆನ್‌ಡ್ರೈವ್ ಕೈಲಿದ್ದರೆ ಅದರಿಂದ ದೊಡ್ಡ ನಷ್ಟವಿಲ್ಲ, ಆದರೂ ಸರಿಸಲು ಬರುವಾಗ ಅಳಿಸುವುದು ಯಾಕೆ?

2 ಟಿಬಿಗಿಂತ ದೊಡ್ಡ ಡ್ರೈವ್ ತರುವವರು ಇನ್ನೊಂದು ಗೋಡೆಗೆ ಹಾಯುತ್ತಾರೆ. ಡಿಸ್ಕಿನ ಭಾಗಗಳ ಲೆಕ್ಕ ಇಡುವ ಹಳೆಯ ಎಂಬಿಆರ್ ವಿಧಾನಕ್ಕೆ 2 ಟಿಬಿ ಆಚೆಗೆ ಲೆಕ್ಕ ಬರುವುದಿಲ್ಲ, ಹೊಸ ವಿಧಾನವಾದ ಜಿಪಿಟಿ ಬೇಕು. ಅಂಗಡಿ ಸಿಸ್ಟಮ್‌ಗೆ ಅಷ್ಟು ದೊಡ್ಡದು ಬೇಕಾಗುವುದು ಅಪರೂಪ.

ಡಬ್ಬಿ ಬಿಚ್ಚಿದಾಗ

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಕೈ ಒಳಗೆ. ಚಳಿಗಾಲದ ಒಣಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಕೂಡುತ್ತದೆ. ಎರೆಮಣ್ಣಿನ ಧೂಳು ಹೇಗೂ ತುಂಬಿರುತ್ತದೆ, ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಎಂ.2 ಡ್ರೈವನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ಸಣ್ಣ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಬೋರ್ಡಿನ ಬಾಕ್ಸ್‌ನಲ್ಲೇ ಬಂದಿರುತ್ತದೆ, ಬಾಕ್ಸ್ ಎಸೆದವರು ಮೊದಲೇ ಒಂದು ಹೊಂದಿಸಿಕೊಳ್ಳಿ. ಸಾಟಾ ಕೇಬಲ್‌ನ ತುದಿ ಎಲ್ ಆಕಾರದಲ್ಲಿರುವುದರಿಂದ ಉಲ್ಟಾ ಕೂರುವುದಿಲ್ಲ, ಬಲ ಹಾಕಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆ, ವಿಜಯಪುರದಲ್ಲಿ ಎನ್‌ವಿಎಂಇ ಹಾಕುವವರು ಬೋರ್ಡಿನ ಜೊತೆ ಬಂದ ಹೀಟ್‌ಸಿಂಕ್ ಹಾಕಿಯೇ ಮುಚ್ಚಿ. ಜಾಸ್ತಿ ಕಾದರೆ ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಗಾವಿಯವರಿಗೆ ಈ ಚಿಂತೆ ಸ್ವಲ್ಪ ಕಡಿಮೆ.

ಹಳೆಯದನ್ನು ಏನು ಮಾಡುವುದು?

ಎರಡು ಮೂರು ವಾರ ಮುಟ್ಟಬೇಡಿ. ಹೊಸದರಲ್ಲಿ ಫಾಂಟ್, ಪ್ರಿಂಟರ್, ಟ್ಯಾಲಿ ಎಲ್ಲ ನಡೆಯುತ್ತಿದೆ ಎಂದು ಖಾತ್ರಿಯಾಗುವ ತನಕ ಅದು ಹಾಗೇ ಇರಲಿ. ಆಮೇಲೆ ಯುಎಸ್‌ಬಿ ಕೇಸ್‌ನಲ್ಲಿ ಹಾಕಿಕೊಂಡರೆ ವೇಗದ ಪೆನ್‌ಡ್ರೈವ್ ಆಯಿತು. ಆದರೆ ಹಳೆ ಮದುವೆ ಫೋಟೋ ತುಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿ ಸರಿಯಲ್ಲ. ಅದು ಡೇಟಾ ಹಿಡಿದಿಡುವುದು ಚಿಪ್‌ನೊಳಗಿನ ವಿದ್ಯುತ್ ಕಣಗಳಿಂದ, ಕರೆಂಟ್ ಇಲ್ಲದೆ ಇಟ್ಟರೆ ಅವು ಮೆಲ್ಲಗೆ ಸೋರುತ್ತವೆ. ಚಿಪ್ ಉದ್ಯಮದ ಸಂಸ್ಥೆಯಾದ ಜೆಡೆಕ್‌ನ ಮಾನದಂಡದಂತೆ, ಬರೆಯುವ ಆಯುಷ್ಯ ಮುಗಿಸಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಕಡಿಮೆ ಬಳಸಿದ್ದು ಇನ್ನೂ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಬಿಸಿ ಏರಿದಷ್ಟು ಅವಧಿ ಇಳಿಯುತ್ತದೆ. ಮೇ ತಿಂಗಳಲ್ಲಿ ತಗಡಿನ ಛಾವಣಿಯ ಅಂಗಡಿಯ ಬೀರು 30 ಡಿಗ್ರಿಯಲ್ಲಿ ಇರುತ್ತದೆಯೇ? ಅಂಥ ಬ್ಯಾಕಪ್‌ಗೆ ತಿರುಗುವ ಹಾರ್ಡ್ ಡಿಸ್ಕೇ ವಾಸಿ.

ಮಾರುವುದಾದರೆ ಪೂರ್ತಿ ಅಳಿಸಿ ಮಾರಿ. ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಸಾಲದು. ಎಸ್‌ಎಸ್‌ಡಿಗೆ ಕಂಪನಿಯ ಸಾಫ್ಟ್‌ವೇರಿನಲ್ಲೋ ಬಯೋಸ್‌ನಲ್ಲೋ ಸೆಕ್ಯೂರ್ ಇರೇಸ್ ಎಂಬ ಆಯ್ಕೆ ಇರುತ್ತದೆ. ಹಾರ್ಡ್ ಡಿಸ್ಕಿಗೆ ಕ್ವಿಕ್ ಎಂಬ ಗುರುತು ತೆಗೆದು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ, ಗಂಟೆಗಟ್ಟಲೆ ಹಿಡಿದರೂ ಸರಿ. ಅಂಗಡಿಯ ಡ್ರೈವ್‌ನಲ್ಲಿ ಇರುವುದು ನಿಮ್ಮ ಫೋಟೋ ಮಾತ್ರವಲ್ಲ, ಊರವರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ನ ಸ್ಕ್ಯಾನ್‌ಗಳೂ ಇವೆ. ಅಳಿಸಲೂ ಬಾರದಂತೆ ಡ್ರೈವ್ ಸತ್ತರೆ ವಾರಂಟಿಗೆ ಕಳಿಸಬಹುದು, ಆದರೆ ಡೇಟಾ ಅದರ ಜೊತೆಗೇ ಹೋಗುತ್ತದೆ. ಅಂಥ ಡ್ರೈವ್ ಆದರೆ ನಾನು ವಾರಂಟಿ ಬಿಟ್ಟು ಚಿಪ್ ಒಡೆಯುವ ಪಕ್ಷ.